ಕ್ಲೌಡ್‌ಗೆ ‘ಪ್ರೈವೇಟ್ ಲೈನ್’: ಏನಿದು, ಇದರಲ್ಲಿ ಪ್ರೈವೇಟ್ ಎಷ್ಟು?

ಸರ್ಕಾರಿ ಇಲಾಖೆಯೋ ಬ್ಯಾಂಕೋ ನಮ್ಮ ಡೇಟಾವನ್ನು ಕ್ಲೌಡ್‌ಗೆ ಸಾಗಿಸುತ್ತೆ ಅಂದಾಗ ಆತಂಕ ಸಹಜ. ಅದಕ್ಕೆ ಸಿಗುವ ಸಿದ್ಧ ಉತ್ತರ ಒಂದಿದೆ: ಡೇಟಾ ಇಂಟರ್ನೆಟ್ ಮೇಲೆ ಹೋಗಲ್ಲ, ಪ್ರೈವೇಟ್ ಲೈನ್‌ನಲ್ಲಿ ಹೋಗುತ್ತೆ. ಪ್ರೈವೇಟ್ ಅಂದ್ಮೇಲೆ ಸೇಫ್ ತಾನೇ ಅಂತ ಕೇಳಿದವರೂ ಸುಮ್ಮನಾಗ್ತಾರೆ. ಆದರೆ ಈ ಲೈನ್ ಕೊಡೋದು ವೇಗ ಮತ್ತು ಸ್ಥಿರತೆ. ಗೌಪ್ಯತೆ ಮತ್ತು ಹಿಡಿತ ಆ ಪ್ಯಾಕೇಜಿನಲ್ಲಿ ಬರಲ್ಲ.

ಲೈನ್ ಹೇಗೆ ಕೆಲಸ ಮಾಡುತ್ತೆ?

ಇಂಟರ್ನೆಟ್‌ನಲ್ಲಿ ನಿಮ್ಮ ಡೇಟಾ ಯಾರ್ಯಾರದೋ ನೆಟ್‌ವರ್ಕ್ ದಾಟಿ ಹೋಗುತ್ತೆ. ದಾರಿ ಯಾವುದು, ಎಷ್ಟು ಟ್ರಾಫಿಕ್ ಇದೆ ಅನ್ನೋದು ನಿಮ್ಮ ಕೈಲಿಲ್ಲ. ಇದನ್ನು ತಪ್ಪಿಸೋಕೆ ದೊಡ್ಡ ಸಂಸ್ಥೆಗಳು ತಮ್ಮ ಸ್ವಂತ ಡೇಟಾ ಸೆಂಟರ್‌ನಿಂದ ಕ್ಲೌಡ್ ಕಂಪನಿಯ ನೆಟ್‌ವರ್ಕ್‌ವರೆಗೆ ಪ್ರತ್ಯೇಕ ಸಂಪರ್ಕ ಪಡೆಯುತ್ತವೆ. ಅಮೆಜಾನ್ 2011ರಲ್ಲಿ ಇದನ್ನು ‘ಡೈರೆಕ್ಟ್ ಕನೆಕ್ಟ್’ ಹೆಸರಲ್ಲಿ ಶುರು ಮಾಡಿತು. ಮೈಕ್ರೋಸಾಫ್ಟ್‌ನ ‘ಎಕ್ಸ್‌ಪ್ರೆಸ್‌ರೂಟ್’ 2014ರಲ್ಲಿ ಬಂತು. ಗೂಗಲ್‌ನದ್ದು ‘ಕ್ಲೌಡ್ ಇಂಟರ್‌ಕನೆಕ್ಟ್’.

ಸಂಸ್ಥೆ ಮೊದಲು ಟೆಲಿಕಾಂ ಕಂಪನಿಯಿಂದ ಫೈಬರ್ ಲೈನ್ ಬಾಡಿಗೆಗೆ ಪಡೆಯುತ್ತೆ. ಆ ಲೈನ್ ನಗರದ ಯಾವುದಾದರೂ ದೊಡ್ಡ ಡೇಟಾ ಸೆಂಟರ್ ಕಟ್ಟಡ ತಲುಪುತ್ತೆ. ಅಲ್ಲಿ ಕ್ಲೌಡ್ ಕಂಪನಿ ಮೊದಲೇ ತನ್ನ ರೂಟರ್‌ಗಳನ್ನು ಇಟ್ಟಿರುತ್ತೆ. ಈ ರೂಟರ್‌ನಿಂದ ಆ ರೂಟರ್‌ಗೆ ಒಂದು ಕೇಬಲ್ ಎಳೆದರೆ ಜೋಡಣೆ ಆಯ್ತು. ಅಲ್ಲಿಂದಾಚೆ ದಾರಿ ಪೂರ್ತಿ ಕ್ಲೌಡ್ ಕಂಪನಿಯದ್ದು.

ಲಾಭ ಸುಳ್ಳಲ್ಲ. 100 ಟೆರಾಬೈಟ್ ದಾಖಲೆ ಸಾಗಿಸಬೇಕು ಅಂದ್ಕೊಳ್ಳಿ. ಸೆಕೆಂಡಿಗೆ 100 ಮೆಗಾಬಿಟ್ ಲೈನ್‌ನಲ್ಲಿ ಮೂರು ತಿಂಗಳು ಬೇಕು. 1 ಗಿಗಾಬಿಟ್‌ನಲ್ಲಿ ಒಂಬತ್ತು ದಿನ ದಾಟುತ್ತೆ. 10 ಗಿಗಾಬಿಟ್ ಲೈನ್ ಪೂರ್ತಿ ಸಿಕ್ಕರೆ ಒಂದು ದಿನದೊಳಗೆ ಮುಗಿಯುತ್ತೆ. ಬ್ಯಾಂಕ್, ಆಸ್ಪತ್ರೆಗಳಿಗೆ ಈ ವ್ಯತ್ಯಾಸ ದೊಡ್ಡದು.

ಕದ್ದು ನೋಡೋಕೆ ಆಗಲ್ವಾ?

ಆಗುತ್ತೆ. ಇಲ್ಲಿ ‘ಪ್ರೈವೇಟ್’ ಅಂದ್ರೆ ಬೇರೆಯವರ ಟ್ರಾಫಿಕ್‌ನಿಂದ ಬೇರ್ಪಟ್ಟಿದೆ ಅಂತಷ್ಟೇ. ಡೇಟಾ ಎನ್‌ಕ್ರಿಪ್ಟ್ ಆಗಿದೆ ಅಂತ ಅರ್ಥ ಅಲ್ಲ. ಡೈರೆಕ್ಟ್ ಕನೆಕ್ಟ್‌ನಲ್ಲಾಗಲಿ ಎಕ್ಸ್‌ಪ್ರೆಸ್‌ರೂಟ್‌ನಲ್ಲಾಗಲಿ ಸಂಸ್ಥೆ ತಾನಾಗಿ ವ್ಯವಸ್ಥೆ ಮಾಡಿಕೊಳ್ಳದಿದ್ದರೆ ಟೆಲಿಕಾಂ ಕಂಪನಿಯ ಫೈಬರ್ ಮೇಲೆ ಈ ಲೈನ್ ಬೀಗ ಹಾಕದ ಪೆಟ್ಟಿಗೆಯೇ.

ಇದು ಬರೀ ಊಹೆ ಅಲ್ಲ. ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳನ್ನು ಆಧರಿಸಿ 2013ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಒಂದು ವರದಿ ಮಾಡಿತು. ಅಮೆರಿಕದ ಎನ್‌ಎಸ್‌ಎ ಮತ್ತು ಬ್ರಿಟನ್ನಿನ ಜಿಸಿಎಚ್‌ಕ್ಯೂ ಸೇರಿ ಗೂಗಲ್ ಮತ್ತು ಯಾಹೂ ಡೇಟಾ ಸೆಂಟರ್‌ಗಳ ನಡುವಿನ ಖಾಸಗಿ ಲೈನ್‌ಗಳಿಗೇ ಕಿವಿ ಹಚ್ಚಿದ್ದವು. ನಮ್ಮದೇ ಲೈನ್ ಅಲ್ವಾ ಅನ್ನೋ ಧೈರ್ಯದಲ್ಲಿ ಅಲ್ಲಿ ಪೂರ್ತಿ ಎನ್‌ಕ್ರಿಪ್ಶನ್ ಇರಲಿಲ್ಲ. ಆಮೇಲೆ ಎರಡೂ ಕಂಪನಿ ಆ ಕೆಲಸಕ್ಕೆ ವೇಗ ಕೊಟ್ಟವು.

ದುಡ್ಡು ಕೊಟ್ಟವರೇ ಸಿಕ್ಕಿಹಾಕಿಕೊಂಡ ದಿನ

ಸ್ಥಿರತೆಗೂ ಮಿತಿ ಇದೆ. 2021ರ ಸೆಪ್ಟೆಂಬರ್ 2ರ ಬೆಳಗ್ಗೆ ಏಳೂವರೆಗೆ ಅಮೆಜಾನ್‌ನ ಟೋಕಿಯೊ ರೀಜನ್‌ನಲ್ಲಿ ಡೈರೆಕ್ಟ್ ಕನೆಕ್ಟ್ ತೊಂದರೆಗೆ ಸಿಲುಕಿತು. ಸರಿಹೋಗೋಕೆ ಆರು ಗಂಟೆ ಹಿಡೀತು. ಜಪಾನಿನಲ್ಲಿ ಬ್ಯಾಂಕ್ ಆಪ್, ಷೇರು ವಹಿವಾಟು, ವಿಮಾನ ನಿಲ್ದಾಣದ ಚೆಕ್-ಇನ್‌ಗೆಲ್ಲ ಪೆಟ್ಟು ಬಿತ್ತು. ಕೆಟ್ಟಿದ್ದು ಗ್ರಾಹಕರ ಕೇಬಲ್ ಅಲ್ಲ, ಅಮೆಜಾನ್ ನೆಟ್‌ವರ್ಕ್ ಒಳಗಿನ ಒಂದು ಪದರದ ಸಾಧನಗಳು. ಅದಕ್ಕೆ ಕಾರಣ, ತೊಂದರೆ ಬಂದಾಗ ನೆಟ್‌ವರ್ಕ್ ಬೇಗ ಚೇತರಿಸಿಕೊಳ್ಳಲಿ ಅಂತಲೇ ಸೇರಿಸಿದ್ದ ಹೊಸ ಪ್ರೋಟೋಕಾಲ್‌ಗೆ ಸಂಬಂಧಿಸಿದ ದೋಷ.

ವಿಪರ್ಯಾಸ ಇಲ್ಲಿದೆ. ಅಮೆಜಾನ್ ವಿವರಣೆಯ ಪ್ರಕಾರ ಅದೇ ಹೊತ್ತಲ್ಲಿ ಮಾಮೂಲಿ ಇಂಟರ್ನೆಟ್ ಮತ್ತು ವಿಪಿಎನ್ ಮೂಲಕ ಬಂದ ಟ್ರಾಫಿಕ್‌ಗೆ ತೊಂದರೆ ಆಗಲಿಲ್ಲ. ಸಾಮಾನ್ಯ ರಸ್ತೆಯವರು ಊರು ಸೇರಿದರು, ಟೋಲ್ ಕಟ್ಟಿದವರು ನಿಂತರು. ಹಾಗಾಗಿ ಎರಡು ಪ್ರೈವೇಟ್ ಲೈನ್ ಹಾಕಿಸಿಕೊಂಡ ಮಾತ್ರಕ್ಕೆ ಬಚಾವಾಗಲ್ಲ. ಬೇರೆ ಬಗೆಯ ದಾರಿಯೊಂದು ಸಿದ್ಧ ಇರಬೇಕು.

ಆ ತುದಿ ಯಾರದು?

ನನ್ನ ಪ್ರಕಾರ ಹೆಚ್ಚು ರಾಜಕೀಯ ಇರೋದು ಈ ಪ್ರಶ್ನೆಯಲ್ಲಿ. ನಮ್ಮ ರಾಜ್ಯದ ಜಿಲ್ಲಾ, ತಾಲ್ಲೂಕು ಕಚೇರಿಗಳನ್ನು ಜೋಡಿಸುವ ಕೆಸ್ವಾನ್ ಕೂಡ ಒಂದು ಪ್ರತ್ಯೇಕ ಜಾಲವೇ, ಆದರೆ ಅದರ ಎರಡೂ ತುದಿಯಲ್ಲಿ ಸರ್ಕಾರವೇ ಇದೆ. ಕ್ಲೌಡ್ ಲೈನ್‌ನ ಇನ್ನೊಂದು ತುದಿಯಲ್ಲಿ ಬಹುತೇಕ ಅಮೆರಿಕದ ಕಂಪನಿ ಇರುತ್ತೆ. ಅಮೆರಿಕದ 2018ರ ಕ್ಲೌಡ್ ಕಾಯ್ದೆ ಪ್ರಕಾರ, ಅಲ್ಲಿನ ಕಾನೂನಿನ ವ್ಯಾಪ್ತಿಯ ಕಂಪನಿ ತನ್ನ ಹಿಡಿತದಲ್ಲಿರೋ ಡೇಟಾವನ್ನು ಕೋರ್ಟ್ ಆದೇಶ ಬಂದರೆ ಒಪ್ಪಿಸಬೇಕು, ಸರ್ವರ್ ಯಾವ ದೇಶದಲ್ಲೇ ಇರಲಿ. ಸರ್ವರ್ ಮುಂಬೈಯಲ್ಲಿದೆ, ಲೈನ್ ಖಾಸಗಿ ಅನ್ನೋದು ಇದನ್ನು ಬದಲಿಸಲ್ಲ.

2025ರ ಜುಲೈನಲ್ಲಿ ಗುಜರಾತಿನ ವಾಡಿನಾರ್‌ನಲ್ಲಿ ರಿಫೈನರಿ ನಡೆಸುವ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತು. ರಷ್ಯಾದ ರಾಸ್‌ನೆಫ್ಟ್ ಪಾಲಿರುವ ಈ ಕಂಪನಿ ಮೇಲೆ ಯುರೋಪಿಯನ್ ಯೂನಿಯನ್ ನಿರ್ಬಂಧ ಹೇರಿತ್ತು. ಭಾರತದ ಕಾನೂನಿನಲ್ಲಿ ಅಂಥ ನಿರ್ಬಂಧ ಇರಲಿಲ್ಲ. ಪೂರ್ತಿ ಹಣ ಕಟ್ಟಿದ್ದರೂ ನಮ್ಮದೇ ಡೇಟಾ ನಮಗೆ ಸಿಗ್ತಿಲ್ಲ ಅಂತ ನಯಾರಾ ದೆಹಲಿ ಹೈಕೋರ್ಟ್‌ಗೆ ಹೋಯ್ತು. ಕೆಲವೇ ದಿನಗಳಲ್ಲಿ ಸೇವೆ ವಾಪಸ್ ಬಂತು. ಅಲ್ಲಿ ನಿಂತಿದ್ದು ಇಮೇಲ್, ಟೀಮ್ಸ್‌ನಂಥ ಸೇವೆಗಳು, ಪ್ರೈವೇಟ್ ಲೈನ್ ಅಲ್ಲ ನಿಜ. ಆದರೆ ಸೇವೆಯೇ ನಿಂತರೆ ಎಷ್ಟೇ ಗಟ್ಟಿ ಲೈನ್ ಇದ್ದು ಏನು ಮಾಡೋದು?

ಹೊರಬರುವ ಖರ್ಚು ಇನ್ನೊಂದು ತಲೆನೋವು. ಕ್ಲೌಡ್ ಒಳಗೆ ಡೇಟಾ ಹಾಕೋಕೆ ಸಾಮಾನ್ಯವಾಗಿ ಶುಲ್ಕ ಇಲ್ಲ, ಹೊರತೆಗೆಯೋಕೆ ಇದೆ. ಪ್ರೈವೇಟ್ ಲೈನ್‌ನಲ್ಲಿ ದರ ಇಂಟರ್ನೆಟ್‌ಗಿಂತ ಕಡಿಮೆ, ಆದರೆ ಸೊನ್ನೆ ಅಲ್ಲ. ಬೇರೆ ಕಂಪನಿಗೆ ಹೋಗುವವರಿಂದ ಇಂಥ ಶುಲ್ಕ ವಸೂಲಿ ಮಾಡೋದನ್ನು 2027ರ ಜನವರಿ 12ರಿಂದ ಯುರೋಪಿಯನ್ ಯೂನಿಯನ್ನಿನ ಡೇಟಾ ಕಾಯ್ದೆ ನಿಷೇಧಿಸುತ್ತೆ.

ನಿಮ್ಮ ಊರಿನ ಪಾಲಿಕೆಯೋ ವಿಶ್ವವಿದ್ಯಾಲಯವೋ ಕ್ಲೌಡ್‌ಗೆ ಹೋಗ್ತಿದ್ದರೆ ಟೆಂಡರ್ ದಾಖಲೆಯಲ್ಲಿ ಇವನ್ನು ಹುಡುಕಿ: ಲೈನ್ ಮೇಲೆ ಎನ್‌ಕ್ರಿಪ್ಶನ್ ಕಡ್ಡಾಯವೇ, ಅದರ ಕೀ ಯಾರ ಹತ್ತಿರ ಇರುತ್ತೆ, ಲೈನ್ ಬಿದ್ದರೆ ಬದಲಿ ದಾರಿ ಯಾವುದು, ಒಪ್ಪಂದ ಮುಗಿದ ಮೇಲೆ ಡೇಟಾ ವಾಪಸ್ ತರುವ ಖರ್ಚು ಯಾರದು. ಅಲ್ಲಿ ಸಿಗದಿದ್ದರೆ ಆರ್‌ಟಿಐ ಹಾಕಬಹುದು. ವಾಣಿಜ್ಯ ಗೌಪ್ಯತೆ ಅಂತ ಸೆಕ್ಷನ್ 8(1)(ಡಿ) ತೋರಿಸಿ ಅರ್ಜಿ ತಿರಸ್ಕರಿಸಿದರೆ, ಸಾರ್ವಜನಿಕ ಹಿತ ದೊಡ್ಡದಿದ್ದಾಗ ಮಾಹಿತಿ ಕೊಡಬಹುದು ಅಂತ ಅದೇ ಸೆಕ್ಷನ್‌ನಲ್ಲಿದೆ. ಮೇಲ್ಮನವಿಯಲ್ಲಿ ಅದನ್ನೇ ಬರೆಯಿರಿ.