ಅಪ್ಪ, ಮಗ, ಒಂದು ಹಾಯಿ (ನಮ್ಮೂರ ಚರಿತ್ರೆ, ಭಾಗ 7)

ಮೊದಲನೇ ಫೋಟೋ ಹಲಸೂರು ಕೆರೆ. ಹೋದ ಭಾನುವಾರ ಇದನ್ನ ಸ್ಟೋರಿಗೆ ಹಾಕಿದಾಗ ನಮ್ಮ ಕ್ಲಾಸಿನವನೊಬ್ಬ "ಬೆಂಗಳೂರಿಗೂ ಹಾಯಿದೋಣಿಗೂ ಏನ್ ಗುರೂ ಸಂಬಂಧ, ಸಮುದ್ರಾನೇ ಇಲ್ವಲ್ಲ" ಅಂದ. ಸಂಬಂಧ ಇದೆ. ಸ್ವಲ್ಪ ಉದ್ದ ಇದೆ, ಕೂತ್ಕೊಂಡು ಓದಿ.

ಈ ಕೆರೆ ಪಕ್ಕದಲ್ಲೇ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ, ನಮ್ಮ ಬಾಯಲ್ಲಿ ಎಂಇಜಿ. 1780ರಲ್ಲಿ ಮದ್ರಾಸಲ್ಲಿ ಶುರುವಾದ ಪಡೆ, ಆಮೇಲೆ ಇಲ್ಲಿ ನೆಲೆ ನಿಂತಿತು. ಯುದ್ಧದಲ್ಲಿ ದಾರಿ ಮಾಡೋದು, ನೆಲಬಾಂಬು ತೆಗೆಯೋದು, ಹೊಳೆಗೆ ಸೇತುವೆ ಹಾಕೋದು ಇವರ ಕೆಲಸ. ನೀರಿಗೆ ಹೆದರಿದರೆ ನಡೆಯಲ್ಲ. 1985ರ ಸೆಪ್ಟೆಂಬರ್‌ನಲ್ಲಿ ಸೇನೆಯ ಎಂಜಿನಿಯರ್ ದಳದವರು 'ತೃಷ್ಣಾ' ಅನ್ನೋ ಹಾಯಿದೋಣಿಯಲ್ಲಿ ಮುಂಬೈ ಬಿಟ್ಟು, ಭೂಮಿ ಸುತ್ತಿ, 1987ರ ಜನವರಿಯಲ್ಲಿ ವಾಪಸ್ ಬಂದರು. ಭಾರತೀಯರು ಹಾಯಿಯಲ್ಲಿ ಲೋಕ ಸುತ್ತಿದ್ದು ಅದೇ ಮೊದಲು.

ಈ ಎಂಇಜಿಯ ಹುಡುಗ ವಿಷ್ಣು ಸರವಣನ್. ಹುಟ್ಟಿದ್ದು 1999ರಲ್ಲಿ, ವೆಲ್ಲೂರಲ್ಲಿ. ಕನ್ನಡದವರಲ್ಲ, ನಿಜ. ಆದರೆ ರೆಜಿಮೆಂಟಿನ ಮನೆ ನಮ್ಮೂರು, ಅಷ್ಟು ಹಕ್ಕು ನನಗಿದೆ ಅನ್ಕೋತೀನಿ! ಅಪ್ಪ ರಾಮಚಂದ್ರನ್ ಸರವಣನ್ ಸೇನೆಯವರು, ತಾವೂ ಹಾಯಿ ಹಿಡಿದವರು. ಸೋದರಿ ರಮ್ಯಾನೂ ಅದೇ ಆಟದವರು.

ಮನೆಯಲ್ಲೇ ಇರೋದು ಯಾಕೆ ಮುಖ್ಯ ಅಂದ್ರೆ, ಗಾಳಿ ಕಣ್ಣಿಗೆ ಕಾಣಲ್ಲ. ನೀರಿನ ಮೇಲೆ ಕಪ್ಪಗೆ ಒಂದು ತೇಪೆ ಓಡಿ ಬರತ್ತೆ. ಅದನ್ನ ನೋಡಿ, ಗಾಳಿ ತಲುಪೋ ಮುಂಚೆಯೇ ಮೈ ಹೊರಗೆ ಚಾಚಿ ಕೂರಬೇಕು. ಪುಸ್ತಕ ಓದಿ ಬರೋ ವಿದ್ಯೆ ಅಲ್ಲ ಇದು.

ವಿಷ್ಣು ಓಡಿಸೋ ದೋಣಿ ಐಎಲ್‌ಸಿಎ 7, ಹಳೇ ಹೆಸರು ಲೇಸರ್. ಉದ್ದ 4.2 ಮೀಟರ್ ಚಿಲ್ಲರೆ, ಒಂದೇ ಹಾಯಿ, ಒಬ್ಬನೇ ಆಳು. ಎಲ್ಲರ ದೋಣಿಯೂ ಒಂದೇ ಥರ, ಹಾಗಾಗಿ ಸೋತರೆ ದೋಣಿ ಮೇಲೆ ತಪ್ಪು ಹೊರಿಸೋ ಹಾಗಿಲ್ಲ. ಲೆಕ್ಕವೂ ಉಲ್ಟಾ: ಮೊದಲು ಬಂದವನಿಗೆ 1 ಅಂಕ, ಇಪ್ಪತ್ತನೆಯವನಿಗೆ 20. ದಿನಗಟ್ಟಲೆ ರೇಸು ನಡೆದು, ಕಡಿಮೆ ಅಂಕ ಇರೋನು ಗೆದ್ದ. (ನಮ್ಮ ಇಂಟರ್ನಲ್ಸ್‌ಗೂ ಹಿಂಗೇ ಇದ್ದಿದ್ರೆ ನಾನೇ ಟಾಪರ್.)

ನಮ್ಮ ದೇಶ ಒಲಿಂಪಿಕ್ಸ್‌ನಲ್ಲಿ ಮೊದಲು ಹಾಯಿ ಬಿಚ್ಚಿದ್ದು 1972ರ ಮ್ಯೂನಿಕ್ ಕೂಟದಲ್ಲಿ. 2012, 2016ರಲ್ಲಿ ಒಬ್ಬರೂ ಇಲ್ಲ. 2019ರಲ್ಲಿ ವಿಷ್ಣು ಕ್ರೊಯೇಷಿಯಾದ ಸ್ಪ್ಲಿಟ್‌ನಲ್ಲಿ 21 ವರ್ಷದೊಳಗಿನವರ ವಿಶ್ವ ಕೂಟದಲ್ಲಿ ಕಂಚು ತಂದರು. 2021ರ ಏಪ್ರಿಲ್‌ನಲ್ಲಿ ಒಮಾನಿನ ಅರ್ಹತಾ ಕೂಟದಿಂದ ನಾಲ್ಕು ಜನ ಒಟ್ಟಿಗೆ ಟೋಕಿಯೋಗೆ ಟಿಕೆಟ್ ಗಿಟ್ಟಿಸಿದರು: ವಿಷ್ಣು, ನೇತ್ರಾ ಕುಮನನ್, ವರುಣ್ ಠಕ್ಕರ್ ಮತ್ತು ಕೆ.ಸಿ. ಗಣಪತಿ. ಕೆ ಅಂದ್ರೆ ಕೇಳಪಂಡ, ಕೊಡಗಿನವರು ಈಗ ಲೈಕ್ ಒತ್ತಿ. ಒಂದೇ ಒಲಿಂಪಿಕ್ಸ್‌ನಲ್ಲಿ ಒಂದಕ್ಕಿಂತ ಹೆಚ್ಚು ಹಾಯಿ ವಿಭಾಗದಲ್ಲಿ ಭಾರತ ಇದ್ದದ್ದು ಅದೇ ಮೊದಲು.

ಟೋಕಿಯೋದಲ್ಲಿ 35 ಜನರಲ್ಲಿ ವಿಷ್ಣು 20ನೆಯವರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್ ಕಂಚು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್, ಹಾಯಿ ರೇಸು ನಡೆದಿದ್ದು ಮಾತ್ರ ಮಾರ್ಸೇ ಕಡಲಲ್ಲಿ. ಗಾಳಿ ಕೈಕೊಟ್ಟು ದಿನಗಟ್ಟಲೆ ಕಾಯಿಸಿತು. 43 ಜನರಲ್ಲಿ 18ನೆಯವರು. ಪದಕ ಇಲ್ಲ ಅಂತ ಪೇಪರಿನವರು ಒಂದೇ ಸಾಲಲ್ಲಿ ಮುಗಿಸಿದರೆ ನನಗೆ ಉರಿಯತ್ತೆ.

ನಾನು ಇದನ್ನ ಬರೀತಿರೋದು ಬಿನ್ನಿಪೇಟೆಯಲ್ಲಿ ಕೂತು. 1884ರಲ್ಲಿ ಶುರುವಾದ ಮಿಲ್ಲು, ಆಮೇಲೆ ಬಿನ್ನಿಯವರ ಕೈಗೆ ಬಂದು ನಮ್ಮ ಪೇಟೆಗೆ ಹೆಸರಾಯ್ತು. ಮುತ್ತಾತ ಅಲ್ಲೇ, ತಾತಾನೂ ಅಲ್ಲೇ. ತಾತ ನೂಲನ್ನ ಬೆರಳಲ್ಲಿ ಉಜ್ಜಿ ನೋಡಿಯೇ ಗುಣ ಹೇಳ್ತಿದ್ದರಂತೆ. ಅದು ಅಪ್ಪನಿಗೆ ಬರಲಿಲ್ಲ, ನನಗೆ ಬರೋದು ದೂರದ ಮಾತು. ಮಿಲ್ಲಿನ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು. ವಿಷ್ಣು ಮನೆಯಲ್ಲಿ ವಿದ್ಯೆ ದಾಟಿತು. ಯಾಕಂದ್ರೆ ಅಪ್ಪನಿಗೆ ಸಂಬಳ ಕೊಟ್ಟ ಸೇನೆಯೇ ದೋಣಿಯನ್ನೂ ಕೊಟ್ಟಿತು, ಮಗ ದೊಡ್ಡವನಾದಾಗ ಅದು ಇನ್ನೂ ಅಲ್ಲೇ ಇತ್ತು.

ಕೊನೇ ಫೋಟೋ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು. ಅದು ಧರ್ಮಾಂಬುಧಿ ಕೆರೆಯ ಅಂಗಳ, ಭಾಗ 8 ಅದರದ್ದೇ. ಮನೆಯಲ್ಲಿ ಅಜ್ಜಿ ತಾತನ ಹತ್ರ ಹಳೇ ಫೋಟೋ ಇದ್ರೆ ಮೆಸೇಜ್ ಮಾಡ್ರಪ್ಪ.

#ನಮ್ಮೂರಚರಿತ್ರೆ #ಬಿನ್ನಿಪೇಟೆ #ಹಲಸೂರುಕೆರೆ #ಹಾಯಿದೋಣಿ