ತಿನ್ನೋದರ ಇತಿಹಾಸ, ಕಂತು 6: ಬಾಟಲ್ ಜ್ಯೂಸ್ ಮತ್ತು ಡಬ್ಬಿ ತರಕಾರಿ

ಮೆಗ್ಗಾನ್ ಆಸ್ಪತ್ರೆಗೆ ಯಾರನ್ನಾದ್ರೂ ನೋಡೋಕೆ ಹೋಗುವಾಗ ಏನು ತಗೊಂಡು ಹೋಗ್ತೀರ? ಬ್ರೆಡ್ಡು, ಎಳನೀರು, ಇಲ್ಲಾಂದ್ರೆ ಒಂದು ಬಾಟಲ್ ಜ್ಯೂಸ್. ಡಬ್ಬಿ ಬಟಾಣಿ ಹಿಡ್ಕೊಂಡು ಹೋದ್ರೆ ವಾರ್ಡೆಲ್ಲ ನಗುತ್ತೆ. ಜ್ಯೂಸ್ ಅಂದ್ರೆ ಆರೋಗ್ಯ, ಡಬ್ಬಿ ಅಂದ್ರೆ ತಂಗಳು ಅಂತ ನಮ್ಮ ತಲೇಲಿ ಕೂತಿದೆ. ಆದರೆ ಇವೆರಡೂ ಒಂದೇ ಮನೆಯ ಮಕ್ಕಳು.

ನೆಪೋಲಿಯನ್ ಕಾಲದ ಫ್ರಾನ್ಸಿಗೆ ಸೈನ್ಯಕ್ಕೂ ಹಡಗಿಗೂ ಕೆಡದ ಊಟ ಬೇಕಿತ್ತು. ನಿಕೊಲಾ ಅಪೇರ್ ಅನ್ನೋ ಮಿಠಾಯಿ ವ್ಯಾಪಾರಿ ಗಾಜಿನ ಬಾಟಲಿಗೆ ತರಕಾರಿ, ಹಣ್ಣು ತುಂಬಿ, ಬಿರಡೆ ಬಿಗಿದು, ಕುದಿಯೋ ನೀರಲ್ಲಿ ಇಟ್ಟ. ಕೆಡಲಿಲ್ಲ. 1810ರಲ್ಲಿ 12,000 ಫ್ರಾಂಕ್ ಬಹುಮಾನ ಸಿಕ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತವರ ಬಳಿದ ಕಬ್ಬಿಣದ ಡಬ್ಬಿಗೆ ಪೇಟೆಂಟ್ ಪಡೆದ. ಭದ್ರಾವತಿಯ ಫ್ರೆಂಡ್ಸ್ ಖುಷಿಪಡಬಹುದು: ಡಬ್ಬಿ ತೆಗೆಯೋ ಓಪನರ್ ಬಂದಿದ್ದು ಅದಾಗಿ 40 ವರ್ಷ ಕಳೆದ ಮೇಲೆ. ಅಲ್ಲಿವರೆಗೆ ಉಳಿ, ಸುತ್ತಿಗೆಯೇ ಗತಿ!

ಜ್ಯೂಸಿನ ಕಥೆಯೂ ಹಡಗಿನದ್ದೇ. 1747ರಲ್ಲಿ ಜೇಮ್ಸ್ ಲಿಂಡ್ ಅನ್ನೋ ಹಡಗಿನ ಡಾಕ್ಟರು ಸ್ಕರ್ವಿ ಬಂದ 12 ನಾವಿಕರಿಗೆ ಬೇರೆ ಬೇರೆ ಮದ್ದು ಕೊಟ್ಟು ನೋಡಿದ್ರು. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡ್ರು. ಆಮೇಲೆ ಅದೇ ಲಿಂಡ್, ರಸವನ್ನು ಕಾಯಿಸಿ ಗಟ್ಟಿ ಮಾಡಿ ಬಾಟಲಿಗೆ ತುಂಬಿಡಿ ಅಂದ್ರು. ಕಾಯಿಸಿದ್ದಕ್ಕೆ ವಿಟಮಿನ್ ಸಿ ಹಾಳಾಗ್ತಿತ್ತು. ಪಾಪ, ವಿಟಮಿನ್ ಅನ್ನೋ ಪದವೇ ಹುಟ್ಟಿದ್ದು 1912ರಲ್ಲಿ. ಇನ್ನು ಅಂಗಡಿಯ ಬಾಟಲ್ ಜ್ಯೂಸಿನ ಮೂಲಪುರುಷ ಅನ್ನಬಹುದಾದ ಅಮೆರಿಕದ ಥಾಮಸ್ ವೆಲ್ಚ್, 1869ರಲ್ಲಿ ದ್ರಾಕ್ಷಿ ರಸವನ್ನು ಬಿಸಿ ಮಾಡಿ ಬಾಟಲಿಗೆ ಹಾಕಿದ್ದು ಚರ್ಚಿನಲ್ಲಿ ವೈನ್ ಬದಲು ಕೊಡೋಕೆ. ಆರೋಗ್ಯದ ಮಾತೇ ಅಲ್ಲಿರಲಿಲ್ಲ.

ನಮ್ಮ ಮಲೆನಾಡಿನವರು ಫ್ರಾನ್ಸಿಗೆ ಕಾಯಲಿಲ್ಲ ಬಿಡಿ. ಮಳೆಗಾಲಕ್ಕೆ ಅಂತ ಹಲಸಿನ ಕಾಯಿ ತೊಳೆಯನ್ನ ಉಪ್ಪು ಹಾಕಿ ಭರಣಿಗೆ ತುಂಬಿ, ಮೇಲೆ ಕಲ್ಲು ಹೇರಿಡ್ತಿದ್ರು. ಅದೇ ಉಪ್ಪುಸೊಳೆ. ಅಡುಗೆಗೆ ಮುಂಚೆ ನೀರಲ್ಲಿ ನೆನೆಸಿ ಉಪ್ಪು ಬಿಡಿಸ್ತಾರೆ. ಡಬ್ಬಿ ತರಕಾರಿಗೂ ಇದೇ ಉಪಾಯ: ಒಳಗಿನ ನೀರು ಚೆಲ್ಲಿ ತೊಳೆದರೆ ಉಪ್ಪು ಸಾಕಷ್ಟು ಇಳಿಯುತ್ತೆ. ಜೊತೆಗೆ ನೀರಲ್ಲಿ ಕರಗೋ ವಿಟಮಿನ್‌ಗಳೂ ಸ್ವಲ್ಪ ಹೋಗ್ತವೆ, ಅದು ಬೇರೆ ಮಾತು.

ಈಗ ಲೆಕ್ಕಕ್ಕೆ ಬನ್ನಿ. ಡಬ್ಬಿ ಬಟಾಣಿಯಲ್ಲಿ ವಿಟಮಿನ್ ಸಿ ಬಹುಪಾಲು ಹೋಗಿರುತ್ತೆ, ಉಪ್ಪು ಸೇರಿರುತ್ತೆ. ಆದರೆ 100 ಗ್ರಾಂಗೆ ಸುಮಾರು 4 ಗ್ರಾಂ ನಾರು, ಅಷ್ಟೇ ಪ್ರೋಟೀನ್ ಉಳಿದಿರುತ್ತೆ. ಟೊಮೆಟೊದ ಲೈಕೋಪೀನ್ ಅಂತೂ ಬೇಯಿಸಿದ ಮೇಲೇ ಮೈಗೆ ಚೆನ್ನಾಗಿ ಹತ್ತೋದು. ಜ್ಯೂಸ್ ಉಲ್ಟಾ. ಹಿಂಡಿ ಸೋಸಿದಾಗ ನಾರು ಹೋಯ್ತು, ಸಕ್ಕರೆ ಉಳೀತು. ಲೇಬಲ್ ಮೇಲೆ 100 ಮಿ.ಲೀ.ಗೆ 12 ಗ್ರಾಂ ಸಕ್ಕರೆ ಅಂತಿದ್ರೆ, 200 ಮಿ.ಲೀ. ಬಾಟಲಿಗೆ 24 ಗ್ರಾಂ. ಅಂದ್ರೆ ಹತ್ತಿರ ಹತ್ತಿರ 6 ಟೀ ಚಮಚ. ಶುಗರ್ ಇರೋ ಅಜ್ಜಿಗೆ ಕಾಫಿಗೆ ಒಂದು ಚಮಚ ಹಾಕಿದ್ರೆ ಮನೆಯವರೆಲ್ಲ ಬೈತೀವಿ, ಜ್ಯೂಸ್ ಮಾತ್ರ ನಾವೇ ಮುಚ್ಚಳ ತೆಗೆದು ಕೊಡ್ತೀವಿ.

ಅದೂ ನಿಜವಾದ ಜ್ಯೂಸ್ ಆಗಿದ್ರೆ. ನಮ್ಮ ನಿಯಮದ ಪ್ರಕಾರ ‘ಫ್ರೂಟ್ ಡ್ರಿಂಕ್’ ಅಂತ ಮಾರೋಕೆ 10% ಹಣ್ಣಿನ ರಸ ಇದ್ರೆ ಸಾಕು. ಬಿಕಾಂನವರು ಬ್ಯಾಲೆನ್ಸ್ ಶೀಟ್ ಓದೋ ಹಾಗೆ ಬಾಟಲಿಯ ಹಿಂಭಾಗ ಓದಿ: ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರಬೇಕು. ಎಷ್ಟೋ ಬಾಟಲಿಗಳಲ್ಲಿ ಮೊದಲ ಹೆಸರು ನೀರು. ಗಟ್ಟಿ ರಸಕ್ಕೆ ಮತ್ತೆ ನೀರು ಬೆರೆಸಿ ‘100% ಫ್ರೂಟ್ ಜ್ಯೂಸ್’ ಅಂತ ಬರೀತಿದ್ದವರಿಗೆ ಅದನ್ನ ಅಳಿಸಿ ಅಂತ ಎಫ್‌ಎಸ್‌ಎಸ್‌ಎಐ ಹೇಳಿದ್ದು 2024ರ ಜೂನ್‌ನಲ್ಲಿ.