‘ಯಾವ ಗಾಡೀದ್ರಿ ಇದು?’

ಹತ್ತಿಮತ್ತೂರಿನಲ್ಲಿ ಗ್ಯಾರೇಜು ಇಟ್ಟವನಿಗೆ ಹಳೆ ಗಾಡಿ ಸಾಮಾನಿನ ಪೇಟೆ ದೂರದ್ದು. ಸವಣೂರು ದಾಟಿ ಶಿಗ್ಗಾವಿಯಲ್ಲಿ ಹೆದ್ದಾರಿ ಹಿಡಿಯಬೇಕು. ಅಲ್ಲಿ ಬಲಕ್ಕೆ ತಿರುಗಿದರೆ ಹುಬ್ಬಳ್ಳಿ. ಎಡಕ್ಕೆ ತಿರುಗಿದರೆ ಹಾವೇರಿ, ರಾಣೆಬೆನ್ನೂರು, ಹರಿಹರ, ಕೊನೆಗೆ ಬೆಂಗಳೂರು. ಈ ಒಂದೇ ರಸ್ತೆಯ ಎರಡು ತುದಿಗಳ ನಡುವೆ ನಮ್ಮ ಕಸುಬು ಎಪ್ಪತ್ತು ಎಂಬತ್ತು ವರ್ಷ ಬೆಳೆದಿದೆ. ಈಗ ನನ್ನ ಬಳಿ ಬರುವ ಹುಡುಗರು ಮಾರುತಿ ಜಿಪ್ಸಿಗೆ ಎಸ್ಟೀಮ್ ಎಂಜಿನ್ ಬೇಕು ಎನ್ನುತ್ತಾರೆ, ಯೆಜ್ಡಿಗೆ ರೇಸಿನ ಬ್ಲಾಕು ಬೇಕು ಎನ್ನುತ್ತಾರೆ. ಎಲ್ಲರ ಕೊನೆಯ ಪ್ರಶ್ನೆ ಒಂದೇ: ನಂಬಿಕೆಯ ಅಂಗಡಿ ಯಾವುದು? ಇದಕ್ಕೆ ನಾನು ಅಂಗಡಿಯ ಹೆಸರು ಹೇಳುವುದಿಲ್ಲ. ಈ ವ್ಯಾಪಾರದಲ್ಲಿ ನಂಬಿಕೆ ಹೇಗೆ ಹುಟ್ಟಿತು ಎಂಬ ಕಥೆ ಹೇಳುತ್ತೇನೆ. ಅದು ತಿಳಿದವರಿಗೆ ಅಂಗಡಿ ತಾನೇ ಸಿಗುತ್ತದೆ.

ನಮ್ಮ ಭಾಗದಲ್ಲಿ ಯಂತ್ರದ ದುರಸ್ತಿ ಸೈಕಲ್ಲಿನಿಂದ ಮೊದಲಾಯಿತು. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಇಡೀ ದೇಶಕ್ಕೆ ಪಂಪು, ಎಂಜಿನ್ನು ಕೊಟ್ಟ ಮನೆತನದ ಮೊದಲ ಅಂಗಡಿ ಅದು. ಮೋಟಾರು ಗಾಡಿಯ ಸರದಿ ಆಮೇಲಿನದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟುಹೋದ ಜೀಪು, ಲಾರಿ, ಮೋಟಾರ್ ಸೈಕಲ್ಲುಗಳು ಹರಾಜಿಗೆ ಬಂದವು. ‘ಡಿಸ್ಪೋಸಲ್ ಮಾಲು’ ಎಂದು ಹಿರಿಯ ಮೇಸ್ತ್ರಿಗಳು ಈಗಲೂ ಹೇಳುವುದು ಆ ಕಾಲದ ಸಾಮಾನನ್ನೇ. ಆ ಗಾಡಿಗಳಿಗೆ ಹೊಸ ಸಾಮಾನು ತರಿಸುವ ದಾರಿ ಇರಲಿಲ್ಲ. ಎರಡು ಜೀಪು ಬಿಚ್ಚಿ ಒಂದನ್ನು ಓಡಿಸುತ್ತಿದ್ದರು. ಬಿಚ್ಚಿದ ಎರಡನೆಯ ಜೀಪಿನ ಉಳಿದ ಸಾಮಾನೇ ಗುಜರಿ ಅಂಗಡಿಗೆ ಬಂಡವಾಳವಾಯಿತು.

ಸ್ವಾತಂತ್ರ್ಯದ ನಂತರವೂ ಪರಿಸ್ಥಿತಿ ಬೇಗ ಬದಲಾಗಲಿಲ್ಲ. ಲೈಸೆನ್ಸಿನ ಕಾಲ ಅದು. ಅಂಬಾಸಿಡರ್, ಫಿಯೆಟ್ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹೊರದೇಶದ ಕಾರಿನ ಸಾಮಾನು ತರಿಸುವುದು ಸಾಮಾನ್ಯರ ಮಾತಲ್ಲ. ಹೀಗಾಗಿ ಹಳೆ ಸಾಮಾನು ಬಡವರ ಆಯ್ಕೆ ಮಾತ್ರವಾಗಿರಲಿಲ್ಲ. ವೇಗದ ಹುಚ್ಚಿದ್ದ ಶ್ರೀಮಂತರಿಗೂ ಅದೇ ಗತಿಯಾಗಿತ್ತು.

ನಮ್ಮ ಹೆದ್ದಾರಿಯ ಮೇಲಿನ ಹರಿಹರ ಈ ಕಥೆಯಲ್ಲಿ ದೊಡ್ಡ ಪಾತ್ರ. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಶುರುವಾಯಿತು. ಅಲ್ಲಿ ತಯಾರಾದ ಲೇತುಗಳು ಊರೂರಿನ ವರ್ಕ್‌ಶಾಪು ಸೇರಿದವು. ಅಪ್ಪ ಕೆಲಸ ಕಲಿತದ್ದು ಅಂಥದೇ ಒಂದು ಲೇತಿನ ಮೇಲೆ. ಲೇತು ಬಂದ ಮೇಲೆ ಹಳೆ ಸಾಮಾನಿನ ವ್ಯಾಪಾರದಲ್ಲಿ ಒಬ್ಬ ಮೂರನೆಯವನು ಹುಟ್ಟಿದ. ಅವನೇ ಟರ್ನರ್. ಮಾರುವವನು ‘ಚಲೋ ಐತಿ’ ಎನ್ನಲಿ, ಕೊಳ್ಳುವವನು ಅನುಮಾನಪಡಲಿ, ಟರ್ನರ್ ಗೇಜು ಹಿಡಿದು ಅಳೆದು ಹೇಳಿದ್ದೇ ಅಂತಿಮ. ಹುಬ್ಬಳ್ಳಿಯ ಒಳ್ಳೆಯ ಗುಜರಿ ಅಂಗಡಿಗಳು ‘ಲೇತಿಗೆ ಒಯ್ದು ತೋರ್ಸ್ರಿ, ಬ್ಯಾಡ ಅಂದ್ರ ತಿರುಗಿ ತರ್ರಿ’ ಎನ್ನುತ್ತಿದ್ದವು. ರಸೀದಿ ಇಲ್ಲದ ಕಾಲದಲ್ಲಿ ಆ ಮಾತೇ ಗ್ಯಾರಂಟಿ. ಅಳತೆಗೆ ಒಪ್ಪದ ಅಂಗಡಿಯ ಕಡೆ ಮೇಸ್ತ್ರಿಗಳು ಮತ್ತೆ ತಲೆ ಹಾಕುತ್ತಿರಲಿಲ್ಲ.

ನಮ್ಮ ಕಡೆ ಹಳೆ ಸಾಮಾನಿಗೆ ನಿಜವಾದ ಬೇಡಿಕೆ ತಂದದ್ದು ಮೈಸೂರಿನ ಜಾವಾ. ಇರಾನಿ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು 1961ರಲ್ಲಿ ಅದನ್ನು ಉದ್ಘಾಟಿಸಿದರು. ಜೆಕೊಸ್ಲೊವಾಕಿಯಾ ಮೂಲದ ಈ ಮೋಟಾರ್ ಸೈಕಲ್ಲು ಮೈಸೂರಿನಲ್ಲಿ 1973ರಿಂದ ಯೆಜ್ಡಿ ಎಂಬ ಹೆಸರು ಹೊತ್ತಿತು. ಅದರ ಎಂಜಿನ್ನಿನ ಬೋರು 65 ಮಿಲಿಮೀಟರ್, ಸ್ಟ್ರೋಕು 75 ಮಿಲಿಮೀಟರ್. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರು. ಬಿಚ್ಚಿ ಜೋಡಿಸಲು ಅದಕ್ಕಿಂತ ಸರಳ ಗಾಡಿ ನಾನು ಕಂಡಿಲ್ಲ. ಕರಿ ಮಣ್ಣಿನ ಹೊಲದ ದಾರಿಯಲ್ಲಿ ಮೆಣಸಿನಕಾಯಿ ಚೀಲ ಕಟ್ಟಿಕೊಂಡು ಹೋಗುವ ರೈತನಿಗೂ, ಮದ್ರಾಸಿನ ಹತ್ತಿರದ ಶೋಲಾವರಂ ರನ್‌ವೇಯಲ್ಲಿ ರೇಸು ಓಡಿಸುವವನಿಗೂ ಅದೇ ಎಂಜಿನ್ನು.

1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ನಿಲ್ಲಲಿಲ್ಲ. ಕಂಪನಿ ಮಾಲು ತೀರುತ್ತ ಬಂದಂತೆ ಹಳೆ ಯೆಜ್ಡಿಯ ಒಂದೊಂದು ನಟ್ಟಿಗೂ ಬೆಲೆ ಬಂತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಪೇಟೆಗೆ ಬಂದವು. ನಡುವಿನ ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಹೆಸರುಗಳನ್ನು ರಸ್ತೆಯ ಮೇಲೆ ಉಳಿಸಿದವರು ಗುಜರಿ ಅಂಗಡಿಯವರು, ಲೇತಿನವರು, ಊರೂರಿನ ಮೇಸ್ತ್ರಿಗಳು. ಈ ಮಾತನ್ನು ನಾನು ಅಭಿಮಾನದಿಂದಲೇ ಬರೆಯುತ್ತಿದ್ದೇನೆ. ಮೋಟಾರಿನ ಇತಿಹಾಸ ಬರೆಯುವವರು ಕಾರ್ಖಾನೆಯ ಮಾಲೀಕರ ಹೆಸರು ಬರೆಯುತ್ತಾರೆ. ಕಾರ್ಖಾನೆ ಸತ್ತ ಮೇಲೆ ಗಾಡಿಯನ್ನು ಬದುಕಿಸಿದವರ ಹೆಸರು ಎಲ್ಲಿಯೂ ಇಲ್ಲ.

ಆ ವರ್ಷಗಳಲ್ಲೇ ಅಪ್ಪನ ಜೊತೆ ಹುಬ್ಬಳ್ಳಿಗೆ ಹೋಗಿ ಯೆಜ್ಡಿ ಬ್ಲಾಕು, ಅಂದರೆ ಸಿಲಿಂಡರು, ಆರಿಸಿದ್ದು ನನಗೆ ಪಾಠವಾಯಿತು. ಅಪ್ಪ ಬ್ಲಾಕು ಕೈಗೆತ್ತಿಕೊಳ್ಳುವ ಮೊದಲು ಕೇಳಿದ್ದು ರೇಟಲ್ಲ.

‘ಯಾವ ಗಾಡೀದ್ರಿ ಇದು?’

‘ರಾಣೆಬೆನ್ನೂರ ಕಡೀದರಿ ಅಣ್ಣಾರ. ಲಾರಿ ಬಡದು ಚಾಸಿ ಸೊಟ್ಟಾಗಿತ್ತು. ಎಂಜಿನ್ನಿಗೆ ಪೆಟ್ಟಿಲ್ಲ. ಒಂದ ಸಲ ಬೋರ್ ಮಾಡ್ಯಾರ, ಅರ್ಧ ಎಂಎಂ.’

ಅಪ್ಪ ಬ್ಲಾಕನ್ನು ತಂತಿಗೆ ತೂಗುಹಾಕಿ ಪಾನಾದಿಂದ ಮೆಲ್ಲಗೆ ತಟ್ಟಿದರು. ಸದ್ದು ಗಂಟೆಯ ಹಾಗೆ ಎಳೆದು ಬಂದರೆ ಎರಕ ಗಟ್ಟಿ. ಮಂಕಾಗಿ ಬಂದರೆ ಎಲ್ಲೋ ಬಿರುಕಿದೆ. ಆಮೇಲೆ ಬೆರಳಿನ ಉಗುರನ್ನು ಬೋರಿನ ಮೇಲಂಚಿನಲ್ಲಿ ಓಡಿಸಿದರು. ರಿಂಗು ತಿರುಗುವ ಜಾಗದ ಮೇಲೆ ಮೆಟ್ಟಿಲು ಬಿದ್ದಿದ್ದರೆ ಉಗುರು ತಡೆಯುತ್ತದೆ, ಸವೆತ ಎಷ್ಟೆಂದು ಅಲ್ಲೇ ತಿಳಿಯುತ್ತದೆ. ಗೇಜು ಹಾಕಿದಾಗ ಅಂಗಡಿಯವರು ಹೇಳಿದ ಅರ್ಧ ಎಂಎಂ ಸರಿಯಾಗಿತ್ತು, 65.50. ಕೊನೆಗೆ ಪೋರ್ಟುಗಳ ಅಂಚನ್ನು ಬೆಳಕಿಗೆ ಹಿಡಿದು ನೋಡಿದರು. ಕಂಪನಿಯಿಂದ ಬಂದ ಪೋರ್ಟಿನ ಒಳಗೋಡೆ ಎರಕದ ಒರಟಿನಲ್ಲೇ ಇರುತ್ತದೆ. ಯಾರಾದರೂ ರೇಸಿಗೆಂದು ಉಜ್ಜಿ ಅಗಲ ಮಾಡಿದ್ದರೆ ನುಣ್ಣಗೆ ಹೊಳೆಯುತ್ತದೆ. ನಮ್ಮದು ಒರಟಾಗಿತ್ತು. ಚೌಕಾಸಿ ಆಮೇಲೆ ಶುರುವಾಯಿತು, ಅದೂ ಸ್ವಲ್ಪ ಹೊತ್ತು ಮಾತ್ರ. ಹೇಳಿದ್ದು ಮತ್ತು ಅಳೆದದ್ದು ಹೊಂದಿದ ಮೇಲೆ ಅಪ್ಪ ಹೆಚ್ಚು ಎಳೆದಾಡುತ್ತಿರಲಿಲ್ಲ.

ಹೆಡ್ಡಿನಲ್ಲಿ ಕೂದಲೆಳೆಯ ಬಿರುಕನ್ನು ಹುಡುಕಲು ಮನೆಯಲ್ಲಿ ಇನ್ನೊಂದು ಪರೀಕ್ಷೆ ಇತ್ತು. ಚಿಮಣಿ ಎಣ್ಣೆಯಲ್ಲಿ ನೆನೆಹಾಕಿ, ತೆಗೆದು, ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿ ಬಿಡುವುದು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಮೇಲೆ ಬಂದು ಬಿಳಿ ಪುಡಿಯ ಮೇಲೆ ಗೆರೆ ಎಳೆಯುತ್ತದೆ. ಖರ್ಚು ತೀರ ಕಡಿಮೆ. ಈ ಪರೀಕ್ಷೆ ಈಗಲೂ ನನ್ನ ಗ್ಯಾರೇಜಿನಲ್ಲಿದೆ.

ಇಷ್ಟೆಲ್ಲ ಎಚ್ಚರ ಮಾಮೂಲಿ ಸಾಮಾನಿಗಾದರೆ, ರೇಸಿನ ಸಾಮಾನಿಗೆ ಇದರ ಎರಡು ಪಾಲು ಬೇಕು. ಮಾಮೂಲಿ ಗಾಡಿಯ ಸಾಮಾನು ಸವೆದಿರುತ್ತದೆ. ಓಟದ ಗಾಡಿಯ ಸಾಮಾನು ಸವೆದಿರುವುದರ ಜೊತೆಗೆ ಬದಲಾಗಿಯೂ ಇರುತ್ತದೆ. ಹೆಡ್ಡನ್ನು ಲೇತಿಗೆ ಹಾಕಿ ತೆಳ್ಳಗೆ ಮಾಡಿದರೆ ಒತ್ತಡ ಏರುತ್ತದೆ, ವೇಗ ಸಿಗುತ್ತದೆ. ಅದೇ ಹೆಡ್ಡನ್ನು ದಿನವಿಡೀ ದುಡಿಯುವ ಗಾಡಿಗೆ ಹಾಕಿದರೆ ಎಂಜಿನ್ನು ಕಾದು ಪಿಸ್ಟನ್ನಿನ ತಲೆ ತೂತಾಗುತ್ತದೆ. ಮೈಸೂರಿನ ಸೋಮೇಂದರ್ ಸಿಂಗ್ ಸ್ವತಃ ರೇಸು ಓಡಿಸಿದವರು, ಎಂಜಿನ್ ಬಲ್ಲವರು. ಹೆಡ್ಡಿನ ಒಳಮೈಯಲ್ಲಿ ಗೀರು ಕೊರೆದು ಪೆಟ್ರೋಲು ಗಾಳಿಯ ಮಿಶ್ರಣವನ್ನು ಸುಳಿಯಾಗಿ ತಿರುಗಿಸುವ ವಿಧಾನ ಕಂಡುಕೊಂಡರು. 2001ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟು ಸಿಕ್ಕಿತು. ಒಂದು ಗ್ಯಾರೇಜಿನಲ್ಲಿ ನಡೆದ ಕೆಲಸ ಅಷ್ಟು ದೂರ ಹೋಯಿತು ಎಂಬುದು ನಮ್ಮಂಥವರಿಗೆ ಹೆಮ್ಮೆ. ಆದರೆ ಅಂಥ ಗೀರಿರುವ ಹೆಡ್ಡು ಗುಜರಿ ರಾಶಿಯಲ್ಲಿ ಸಿಕ್ಕಿತೆನ್ನಿ. ತಿಳಿದವನು ಕೊರೆದದ್ದೋ, ನೋಡಿ ನಕಲು ಮಾಡಿದವನು ಕೊರೆದದ್ದೋ? ಲೋಹ ಅದನ್ನು ಹೇಳುವುದಿಲ್ಲ, ಮಾರುವವನು ಹೇಳಬೇಕು. ಓಟದ ಸಾಮಾನಿನ ಬೆಲೆ ಅದರ ಪೂರ್ವಕಥೆಯಲ್ಲಿದೆ ಎಂದು ನಾನು ಹೇಳುವುದು ಇದಕ್ಕೇ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಅದರ ಹಿಂದೆಯೇ ಜಿಪ್ಸಿ, 1994ರಲ್ಲಿ ಎಸ್ಟೀಮ್. ವೇಗದ ಹುಚ್ಚು ಕಾರಿಗೆ ಹತ್ತಿತು. ಜಿಪ್ಸಿಯ ಮೊದಲ ಎಂಜಿನ್ನು ಒಂದು ಲೀಟರಿನೊಳಗಿನದು. ಎಸ್ಟೀಮಿನದು 1298 ಸಿಸಿ. ರ‍್ಯಾಲಿಗೆ ಹೋಗುವವರ ಕಣ್ಣು ಅದರ ಮೇಲೆ ಬಿದ್ದದ್ದು ಸಹಜ. ಇದಕ್ಕೆ ಹುಬ್ಬಳ್ಳಿ ಸಾಲದೆ ಜನ ಬೆಂಗಳೂರಿಗೆ ಹೊರಟರು. ಹೊಸ ಸಾಮಾನಿಗೆ ಜೆ.ಸಿ. ರಸ್ತೆ, ಬಿಚ್ಚಿದ ಸಾಮಾನಿಗೆ ಶಿವಾಜಿನಗರದ ಗುಜರಿ. ಶಿವಾಜಿನಗರದ ಸಣ್ಣ ಓಣಿಗಳಲ್ಲಿ ಬಾಗಿಲು ಒಂದು ಕಡೆ, ಬಂಪರು ಒಂದು ಕಡೆ, ಗೇರ್‌ಬಾಕ್ಸು ಒಂದು ಕಡೆ ಪೇರಿಸಿದ್ದನ್ನು ಕಂಡವರಿಗೆ ಗೊತ್ತು, ಅಲ್ಲಿ ಕೆಲಸ ಬಲ್ಲವರಿಗೆ ಕೊರತೆಯಿಲ್ಲ. ಅರ್ಧ ಗಂಟೆಯಲ್ಲಿ ಎಂಜಿನ್ ಇಳಿಸುವ ಹುಡುಗರಿದ್ದಾರೆ.

ಕಾರಿನ ಜೊತೆಗೆ ಹೊಸ ಭಯವೂ ಬಂತು. ಯೆಜ್ಡಿ ಬ್ಲಾಕಿನ ಕಾಲದಲ್ಲಿ ಮೋಸವೆಂದರೆ ಸವೆದ ಮಾಲು. ಕಾರಿನ ಎಂಜಿನ್ನಿನ ಕಾಲದಲ್ಲಿ ಮೋಸವೆಂದರೆ ಕದ್ದ ಮಾಲು. ನಮ್ಮ ತಾಲೂಕಿನ ಒಬ್ಬ ಯುವಕ ದೂರದ ಒಂದು ಅಂಗಡಿಯಿಂದ ಕಡಿಮೆ ದರಕ್ಕೆ ಎಂಜಿನ್ ತಂದು ನನ್ನೆದುರು ಇಳಿಸಿದ. ನಂಬರು ಹೊಡೆದ ಜಾಗವನ್ನು ಪೆಟ್ರೋಲಿನಲ್ಲಿ ತೊಳೆದಾಗ ಅರದ ಗೀರು ಕಂಡವು. ಅಂಕಿಗಳು ಒಂದೇ ಸಾಲಿನಲ್ಲಿರಲಿಲ್ಲ, ಒಂದು ಆಳ, ಒಂದು ಮೇಲ್ಮೇಲೆ. ಕಾರ್ಖಾನೆಯ ಅಚ್ಚು ಹಾಗಿರುವುದಿಲ್ಲ. ‘ತಮ್ಮಾ, ಇದನ್ನ ನಾನು ಗಾಡಿಗೆ ಏರಸೂದಿಲ್ಲ’ ಎಂದೆ. ಅಂಗಡಿಯವರು ತಿರುಗಿ ತೆಗೆದುಕೊಳ್ಳಲಿಲ್ಲ. ಚಿಕ್ಕ ರಸೀದಿಯೂ ಇರದ ಕಾರಣ ಅವನು ದೂರು ಕೊಡುವಂತೆಯೂ ಇರಲಿಲ್ಲ. ಒಂದು ಬೆಳೆಯ ದುಡ್ಡು ಹೋಯಿತು.

ಕಾನೂನು ಈಗ ಬಿಗಿಯಾಗಿದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಸಾರವೂ ಅದೇ. ಹಾಗಾಗಿ ರಸ್ತೆಗೆ ಇಳಿಯುವ ಗಾಡಿಯ ಎಂಜಿನ್ ಬದಲಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಲೇಬೇಕು ಎಂದು ನಾನು ಹುಡುಗರಿಗೆ ಹೇಳುತ್ತೇನೆ. ಓಟದ ಸಾಮಾನಿಗೆ ಓಟದ ಮೈದಾನವೇ ಜಾಗ. ಮುದಿ ಗಾಡಿಗಳನ್ನು ನೋಂದಾಯಿತ ಕೇಂದ್ರಗಳಲ್ಲಿ ಒಡೆಯುವ ನಿಯಮ 2021ರಲ್ಲಿ ಬಂತು. ಅಲ್ಲಿ ಗಾಡಿ ಕಳವಿನ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಬೇಕು, ಒಡೆದ ಮೇಲೆ ಪ್ರಮಾಣಪತ್ರ ಕೊಡಬೇಕು. ಈ ನಿಯಮ ಬಂದದ್ದು ಒಳ್ಳೆಯದಾಯಿತು. ಅಪ್ಪ ಬಾಯಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನು ಸರಕಾರ ಈಗ ಕಾಗದದ ಮೇಲೆ ಕೇಳುತ್ತಿದೆ.

ಆದರೆ ನಿಯಮದ ಹೆಸರಿನಲ್ಲಿ ಸಣ್ಣ ಗುಜರಿ ಅಂಗಡಿಯವರನ್ನೆಲ್ಲ ಕಳ್ಳರಂತೆ ನೋಡುವುದನ್ನು ನಾನು ಒಪ್ಪಲಾರೆ. ಅವರ ಬಳಿ ಇರುವ ತಿಳಿವಳಿಕೆ ದೊಡ್ಡದು. ಯಾವ ವರ್ಷದ ಗೇರ್‌ಬಾಕ್ಸು ಯಾವ ವರ್ಷದ ಎಂಜಿನ್ನಿಗೆ ಕೂರುತ್ತದೆ, ಯಾವುದಕ್ಕೆ ಬುಷ್ ಹಾಕಬೇಕು ಎಂಬುದನ್ನು ಅವರು ಪುಸ್ತಕ ನೋಡದೆ ಹೇಳುತ್ತಾರೆ. ಆ ತಿಳಿವಳಿಕೆ ಉಳಿಯಬೇಕಾದರೆ ಅವರ ವಹಿಯಲ್ಲಿ ಒಂದು ಸಾಲು ಹೆಚ್ಚು ಬರೆಯುವ ರೂಢಿ ಬರಬೇಕು: ಸಾಮಾನು ಬಂದ ಗಾಡಿಯ ನಂಬರು, ಬಂದ ತಾರೀಖು, ಅದಕ್ಕೆ ಮೊದಲು ಏನು ಕೆಲಸ ಆಗಿದೆ ಎಂಬ ವಿವರ. ಅದೇ ಮೂರು ವಿಷಯ ಗಿರಾಕಿಯ ಬಿಲ್ಲಿನ ಮೇಲೂ ಇರಬೇಕು.

ನನ್ನ ಗ್ಯಾರೇಜಿನಲ್ಲಿ ಕೆಲ ವರ್ಷದಿಂದ ಇಂಥದೇ ವಹಿ ಬರೆಯುತ್ತಿದ್ದೇವೆ. ಹಳೆ ಸಾಮಾನು ತಂದ ಅಂಗಡಿ, ಮೂಲದ ಗಾಡಿ, ನಾವು ಅಳೆದ ಅಳತೆ, ಮೂರೂ ವಹಿಯಲ್ಲಿವೆ. ಆ ವಹಿ ತಿರುವಿದರೆ ಯಾವ ಅಂಗಡಿ ಹೇಳಿದಂತೆ ಕೊಟ್ಟಿದೆ, ಯಾವುದು ತಿರುಗಿ ತೆಗೆದುಕೊಂಡಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಹೊಸಬರಿಗೆ ನನ್ನ ಸಲಹೆ ಇಷ್ಟು. ಬೋರ್ಡು ನೋಡಬೇಡಿ, ರಿಯಾಯಿತಿ ನೋಡಬೇಡಿ. ಸಾಮಾನಿನ ಮೂಲ ಕೇಳಿ. ಅಳೆಯಲು ಬಿಡುತ್ತಾರೆಯೇ ನೋಡಿ. ಬರೆದು ಕೊಡಿ ಎನ್ನಿ. ಮೊದಲ ಸಲ ಸಣ್ಣ ಸಾಮಾನು ಕೊಂಡು ಅಂಗಡಿಯ ಮಾತನ್ನು ಪರೀಕ್ಷಿಸಿ, ಎಂಜಿನ್ನಿನ ಮಾತು ಆಮೇಲೆ. ಮೂಲ, ಅಳತೆ, ಬರಹ, ಈ ಮೂರಕ್ಕೂ ಬೇಸರಿಸದೆ ಹೂಂ ಎನ್ನುವ ಅಂಗಡಿ ಹುಬ್ಬಳ್ಳಿಯಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಅಂಥವರ ಹತ್ತಿರ ನೂರು ರೂಪಾಯಿ ಹೆಚ್ಚು ಕೊಟ್ಟರೂ ಚಿಂತೆಯಿಲ್ಲ. ನಮ್ಮ ದುಡ್ಡಿನಿಂದ ಉಳಿಯಬೇಕಾದ ಅಂಗಡಿ ಅದೇ.